ಮೂರು ಫ್ಯಾಕ್ಟರಿ, ಒಂದೇ ಗಾಡಿ: ಬಾಡಿಗೆ ಹಂಚಿಕೊಳ್ಳುವುದು ಹೇಗೆ?

ಬೆಂಗಳೂರಿನ ಪೀಣ್ಯದ ಸಣ್ಣ ಫ್ಯಾಕ್ಟರಿಗಳಲ್ಲಿ ಸಂಜೆ ನಾಲ್ಕು ಗಂಟೆ ಅಂದರೆ ಡಿಸ್ಪ್ಯಾಚ್ ಹೊತ್ತು. ಒಂದೇ ರಸ್ತೆಯ ಶೆಡ್‌ಗಳ ಮುಂದೆ ಟಾಟಾ ಏಸ್, ಪಿಕಪ್, ಲಗೇಜ್ ಆಟೋ ಸಾಲಾಗಿ ನಿಂತಿರುತ್ತವೆ. ಒಂದರಲ್ಲಿ ಎಣ್ಣೆ ಹಚ್ಚಿದ ಶಾಫ್ಟ್ ತುಂಬಿದ ನಾಲ್ಕು ಕ್ರೇಟ್. ಇನ್ನೊಂದರಲ್ಲಿ ರಬ್ಬರ್ ಬುಷ್ ಇರುವ ರಟ್ಟಿನ ಡಬ್ಬಗಳು. ಮತ್ತೊಂದರಲ್ಲಿ ಪ್ರೆಸ್ ಹೊಡೆದ ಶೀಟ್ ಮೆಟಲ್ ಭಾಗಗಳು. ಮೂರೂ ಹೋಗುವುದು ಹೊಸೂರಿಗೆ. ಮೂರರಲ್ಲೂ ಅರ್ಧ ಜಾಗ ಖಾಲಿ. ನಾಳೆ ವಾಪಸ್ ಬರುವಾಗ ಬಹುಶಃ ಪೂರ್ತಿ ಖಾಲಿ. ಬಾಡಿಗೆ ಮಾತ್ರ ಮೂವರೂ ಪೂರ್ತಿ ಕೊಡುತ್ತಾರೆ.

ಒಟ್ಟಿಗೆ ಒಂದು ಗಾಡಿ ಮಾಡಿಕೊಂಡರೆ ಆಗದಾ? ಈ ಪ್ರಶ್ನೆ ಎಲ್ಲರಿಗೂ ಹೊಳೆದಿರುತ್ತದೆ. ಮೊಬೈಲ್ ಎಲ್ಲರ ಕೈಯಲ್ಲೂ ಇದೆ, ಇಂಟರ್ನೆಟ್ ಇದೆ. ಆದರೂ ದಿನದಿನವೂ ನಡೆಯುವ ಜಂಟಿ ಸಾಗಣೆ ಕಾಣಸಿಗುವುದು ಕಡಿಮೆ. ತೊಡಕು ಇರುವುದು ಆ್ಯಪ್‌ನಲ್ಲಿ ಅಲ್ಲ ಅಂತ ನನ್ನ ಅನಿಸಿಕೆ. ಬಾಡಿಗೆ ಹಂಚುವ ಲೆಕ್ಕ, ಕಾಗದಪತ್ರ, ಗಿರಾಕಿ ಯಾರು ಅಂತ ಪಕ್ಕದವರಿಗೆ ಗೊತ್ತಾಗಿಬಿಡುತ್ತದಲ್ಲ ಎನ್ನುವ ಅಂಜಿಕೆ, ಈ ಮೂರೂ ಮೊದಲೇ ಬಗೆಹರಿಯಬೇಕು. ಆಮೇಲೆ ಎಂಥ ಸಾಧಾರಣ ಸಾಫ್ಟ್‌ವೇರ್ ಆದರೂ ಸಾಕು.

ಸಣ್ಣವರಿಗೇ ಯಾಕೆ ಜಾಸ್ತಿ ಹೊರೆ?

ಕೇಂದ್ರ ಸರ್ಕಾರಕ್ಕಾಗಿ ಎನ್‌ಸಿಎಇಆರ್ ಅನ್ನುವ ಆರ್ಥಿಕ ಸಂಶೋಧನಾ ಸಂಸ್ಥೆ ಮಾಡಿದ ಅಂದಾಜು 2025ರಲ್ಲಿ ಹೊರಬಂತು. ಅದರ ಪ್ರಕಾರ 2023-24ರಲ್ಲಿ ದೇಶದ ಸಾಗಣೆ, ದಾಸ್ತಾನು ಎಲ್ಲ ಸೇರಿದ ಲಾಜಿಸ್ಟಿಕ್ಸ್ ಖರ್ಚು ಜಿಡಿಪಿಯ ಶೇ 7.97. ಇದು ಇಡೀ ದೇಶದ ಸರಾಸರಿ. ತಯಾರಿಸಿದ ಮಾಲಿನ ಬೆಲೆಗೆ ಹೋಲಿಸಿದರೆ, ತೀರಾ ಸಣ್ಣ ಉದ್ಯಮಗಳು ಇದಕ್ಕೆ ತೆರುವ ಪಾಲು ದೊಡ್ಡ ಕಂಪನಿಗಳ ಎರಡು ಪಟ್ಟಿಗೂ ಜಾಸ್ತಿ ಇದೆ ಅಂತ ಅದೇ ವರದಿ ಹೇಳುತ್ತದೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸಣ್ಣ ಫ್ಯಾಕ್ಟರಿಯ ಒಂದು ದಿನದ ಮಾಲು ಒಂದು ಗಾಡಿ ತುಂಬುವುದಿಲ್ಲ. ತುಂಬುವವರೆಗೆ ಕಾಯೋಣ ಅಂದರೆ ಆ ಕಡೆ ಕಂಪನಿಯ ತಯಾರಿಕೆಯ ಲೈನ್ ನಿಲ್ಲುತ್ತದೆ. ಲೈನ್ ನಿಂತರೆ ದಂಡ, ಮಾತು, ಕೊನೆಗೆ ಆರ್ಡರ್ ಕೂಡ ಹೋಗಬಹುದು. ಹಾಗಾಗಿ ಇನ್ನೂರು ಕೆಜಿ ಇದ್ದರೂ ಗಾಡಿ ಹೊರಡಲೇಬೇಕು. ರಸ್ತೆ ಕೈಕೊಟ್ಟರಂತೂ ಇನ್ನೂ ಕಷ್ಟ. ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯಲ್ಲಿ 2021ರ ಡಿಸೆಂಬರ್ ಕೊನೆಯಿಂದ 2024ರ ಜುಲೈ ಕೊನೆಯವರೆಗೆ ಭಾರಿ ವಾಹನಗಳನ್ನು ಬಿಡಲಿಲ್ಲ. ಅಷ್ಟೂ ಲಾರಿಗಳು ಕೆಳಗಿನ ರಸ್ತೆಯಲ್ಲೇ ತೆವಳಿದವು. ಅರ್ಧ ಖಾಲಿ ಗಾಡಿ ಅಂಥ ಟ್ರಾಫಿಕ್‌ನಲ್ಲಿ ನಿಂತಾಗ ಡೀಸೆಲ್ಲೂ ದಂಡ, ಹೊತ್ತೂ ದಂಡ.

ದೊಡ್ಡವರು ಇದನ್ನು ಬೇರೆ ಥರ ಬಗೆಹರಿಸಿಕೊಂಡಿದ್ದಾರೆ. ಬಿಡದಿಯಲ್ಲಿ 1999ರಲ್ಲಿ ಕಾರು ತಯಾರಿಕೆ ಶುರು ಮಾಡಿದ ಟೊಯೊಟಾ ಕಿರ್ಲೋಸ್ಕರ್ ‘ಮಿಲ್ಕ್ ರನ್’ ಪದ್ಧತಿ ತಂದಿತು. ಸರಬರಾಜುದಾರರು ಒಬ್ಬೊಬ್ಬರೇ ಗಾಡಿ ಕಳಿಸುವ ಬದಲು, ಒಂದು ಗಾಡಿ ಗೊತ್ತಾದ ಹೊತ್ತಿಗೆ ಒಂದೊಂದೇ ಫ್ಯಾಕ್ಟರಿಗೆ ಹೋಗಿ ಬಿಡಿಭಾಗ ಎತ್ತಿಕೊಂಡು ಬರುತ್ತದೆ, ಖಾಲಿ ಬಿನ್ ಕೊಟ್ಟು ಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಡೇರಿ ವ್ಯಾನು ಕ್ಯಾನ್ ಎತ್ತುತ್ತಾ ಹೋಗುವ ಹಾಗೆ. ಆದರೆ ಅಲ್ಲಿ ಹೊತ್ತು, ದಾರಿ, ಬಾಡಿಗೆ ಎಲ್ಲವನ್ನೂ ಗೊತ್ತು ಮಾಡುವ ಒಬ್ಬ ದೊಡ್ಡ ಗಿರಾಕಿ ಇದ್ದಾನೆ. ಪೀಣ್ಯದ ಒಂದು ರಸ್ತೆಯಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಎಲ್ಲರೂ ಸಮಾನರು, ಎಲ್ಲರಿಗೂ ಅವರವರದೇ ಅವಸರ. ಇಲ್ಲಿ ಹೊಂದಾಣಿಕೆ ತಾವಾಗಿಯೇ ಮಾಡಿಕೊಳ್ಳಬೇಕು. ಆನ್‌ಲೈನ್ ವ್ಯವಸ್ಥೆ ಬೇಕಾಗುವುದು ಇಲ್ಲೇ.

ವಾಟ್ಸ್ಆ್ಯಪ್ ಗ್ರೂಪ್ ಯಾಕೆ ಸಾಲದು?

ಶುರುವಾಗುವುದು ಸಾಮಾನ್ಯವಾಗಿ ಅಲ್ಲಿಂದಲೇ. ‘ನಾಳೆ ಹೊಸೂರಿಗೆ ಗಾಡಿ ಹೋಗ್ತಿದೆ, ಅರ್ಧ ಜಾಗ ಇದೆ, ಯಾರಿಗಾದರೂ ಬೇಕಾ ಸರ್?’ ಅಂತ ಒಬ್ಬರು ಹಾಕುತ್ತಾರೆ. ಇಬ್ಬರು ಒಟ್ಟಿಗೆ ‘ನನಗೆ ಬೇಕು’ ಅನ್ನುತ್ತಾರೆ. ಜಾಗ ಒಬ್ಬರಿಗೆ ಆಗುವಷ್ಟು. ಮೂರನೆಯವರು ರಾತ್ರಿ ಹತ್ತಕ್ಕೆ ಮೆಸೇಜ್ ನೋಡುತ್ತಾರೆ. ಅಷ್ಟರಲ್ಲಿ ಹಬ್ಬದ ಶುಭಾಶಯಗಳ ಕೆಳಗೆ ಅದು ಮುಳುಗಿಹೋಗಿರುತ್ತದೆ. ‘ಅರ್ಧ ಜಾಗ’ ಅಂದರೆ ಎಷ್ಟು ಕೆಜಿ, ಎಷ್ಟು ಡಬ್ಬ ಅಂತಲೂ ಗೊತ್ತಿಲ್ಲ. ತಿಂಗಳ ಕೊನೆಗೆ ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನುವ ದಾಖಲೆಯೂ ಇಲ್ಲ.

ಗಾಡಿ ತರಿಸುವ ಪೋರ್ಟರ್‌ನಂಥ ಆ್ಯಪ್‌ಗಳು ಇವೆಯಲ್ಲ ಅಂತ ಕೇಳಬಹುದು. ಗಾಡಿ ಹುಡುಕುವ ಕಷ್ಟವನ್ನು ಅವು ನಿಜವಾಗಿಯೂ ತಪ್ಪಿಸಿವೆ. ಆದರೆ ಇಡೀ ಗಾಡಿಯನ್ನು ಒಬ್ಬರೇ ಬುಕ್ ಮಾಡಿದಾಗ ಖಾಲಿ ಜಾಗ ಖಾಲಿಯಾಗಿಯೇ ಉಳಿಯುತ್ತದೆ.

ಜಂಟಿ ಸಾಗಣೆಗೆ ಬೇಕಾದ ಮಾಹಿತಿ ಬಹಳ ಇಲ್ಲ. ಮಾಲು ಎಲ್ಲಿಂದ ಎತ್ತಬೇಕು, ಯಾವ ಪಿನ್‌ಕೋಡಿಗೆ ಹೋಗಬೇಕು, ಎಷ್ಟು ಹೊತ್ತಿನೊಳಗೆ ಮುಟ್ಟಬೇಕು, ತೂಕ ಎಷ್ಟು, ಎಷ್ಟು ಜಾಗ ಹಿಡಿಯುತ್ತದೆ, ಬೇರೆ ಮಾಲಿನ ಜೊತೆ ಇಡಬಹುದಾ, ವಾಪಸ್ ಬರುವಾಗ ಏನಾದರೂ ತರಬೇಕಾ. ಇಷ್ಟೇ. ಬೇರೆ ಮಾಲಿನ ಪ್ರಶ್ನೆಯನ್ನು ಮಾತ್ರ ಹಗುರವಾಗಿ ನೋಡಬೇಡಿ. ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಹಚ್ಚಿದ ಶಾಫ್ಟ್‌ಗಳ ಕ್ರೇಟ್ ಅಡಿಗೆ ರಟ್ಟಿನ ಡಬ್ಬ ಇಟ್ಟರೆ, ಹೊಸೂರು ಮುಟ್ಟುವಷ್ಟರಲ್ಲಿ ಡಬ್ಬ ಎಣ್ಣೆ ಕುಡಿದು ಮೆತ್ತಗಾಗಿರುತ್ತದೆ. ಒಳಗಿನ ರಬ್ಬರ್ ಕೂಡ ಕೆಡಬಹುದು. ಪ್ಲೇಟಿಂಗ್, ಅಂದರೆ ಲೋಹಕ್ಕೆ ಲೇಪ ಹಾಕುವ ಕೆಮಿಕಲ್ ಇದ್ದರೆ ಜೊತೆಗೆ ಹಾಕುವ ಮಾತೇ ಬೇಡ.

ಇದನ್ನೆಲ್ಲ ತುಂಬಲು ಒಂದು ಸಣ್ಣ ಆನ್‌ಲೈನ್ ಫಾರಂ ಸಾಕು. ಅದಕ್ಕೊಂದು ಗಡುವು ಇರಲಿ. ಮಧ್ಯಾಹ್ನ ಮೂರಕ್ಕೆ ಫಾರಂ ಮುಚ್ಚಿದರೆ, ನಾಲ್ಕರೊಳಗೆ ನಾಳೆಯ ಗಾಡಿಗಳ ಜೋಡಣೆ ಎಲ್ಲರ ಫೋನಿಗೆ ಬರಬೇಕು. ಗಡುವು ಸಡಿಲವಾದರೆ ಇಡೀ ಏರ್ಪಾಡು ಸಡಿಲವಾಗುತ್ತದೆ.

ಜೋಡಣೆಯ ಹಿಂದಿನ ಲೆಕ್ಕ ಹಳೆಯದು. 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಅನ್ನುವ ಇಬ್ಬರು ಪ್ರಕಟಿಸಿದ ‘ಉಳಿತಾಯ’ ವಿಧಾನ ಇವತ್ತಿಗೂ ದಾರಿ ಹುಡುಕುವ ಸಾಫ್ಟ್‌ವೇರ್‌ಗಳಿಗೆ ಒಳ್ಳೆಯ ಆರಂಭ. ಪೀಣ್ಯದಿಂದ ಹೊಸೂರು ಸುಮಾರು 60 ಕಿ.ಮೀ. ಅಂತ ಇಟ್ಟುಕೊಳ್ಳಿ. ಹೊಸೂರಿನ ಎರಡು ಕಂಪನಿಗಳಿಗೆ ಎರಡು ಗಾಡಿ ಹೋಗಿ ಬಂದರೆ ಒಟ್ಟು 240 ಕಿ.ಮೀ. ಆ ಎರಡು ಕಂಪನಿಗಳ ನಡುವೆ 5 ಕಿ.ಮೀ. ಇದ್ದು, ಒಂದೇ ಗಾಡಿ ಎರಡಕ್ಕೂ ಹೋದರೆ 125 ಕಿ.ಮೀ. ಉಳಿದದ್ದು 115. ಹೀಗೆ ಎಲ್ಲ ಜೋಡಿಗಳ ಉಳಿತಾಯ ಬರೆದು, ಜಾಸ್ತಿ ಉಳಿಯುವ ಜೋಡಿಯನ್ನು ಮೊದಲು ಸೇರಿಸುತ್ತಾ, ಗಾಡಿ ತುಂಬುವವರೆಗೆ ಹೋಗುವುದು. ಹತ್ತು ಹದಿನೈದು ಫ್ಯಾಕ್ಟರಿಗಳಾದರೆ ಸ್ಪ್ರೆಡ್‌ಶೀಟ್‌ನಲ್ಲೇ ಮಾಡಬಹುದು.

ಕಿ.ಮೀ. ಲೆಕ್ಕದಲ್ಲಿ ಕಾಣದ್ದು ಒಂದಿದೆ, ಗೇಟಿನಲ್ಲಿ ಕಳೆಯುವ ಹೊತ್ತು. ಡಿಸಿ (ಡೆಲಿವರಿ ಚಲನ್) ರೆಡಿ ಇಲ್ಲ, ಲೋಡ್ ಮಾಡುವ ಹುಡುಗ ಊಟಕ್ಕೆ ಹೋಗಿದ್ದಾನೆ ಅಂತ ಒಂದೊಂದು ಕಡೆ ಅರ್ಧ ಗಂಟೆ ಹೋದರೆ, ಆರು ಕಡೆ ನಿಲ್ಲುವ ಗಾಡಿ ಪೀಣ್ಯ ಬಿಡುವಷ್ಟರಲ್ಲೇ ಮೂರು ಗಂಟೆ ಕಳೆದಿರುತ್ತದೆ. ಒಂದು ಗಾಡಿಗೆ ಮೂರು, ಹೆಚ್ಚೆಂದರೆ ನಾಲ್ಕು ಫ್ಯಾಕ್ಟರಿ ಸಾಕು.

ಬಾಡಿಗೆಯ ಲೆಕ್ಕ

ಒಳ್ಳೆಯ ಏರ್ಪಾಡುಗಳು ಒಡೆಯುವುದು ಇಲ್ಲೇ. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು.

ಮೂರು ಘಟಕಗಳಿವೆ. ಪ್ರೆಸ್ ಶಾಪಿನ ಮಾಲು 1,200 ಕೆಜಿ. ಒಂದೇ ಹೋದರೆ ದೊಡ್ಡ ಗಾಡಿ ಬೇಕು, ಬಾಡಿಗೆ 4,500 ರೂಪಾಯಿ. ಲೇಥ್ ಶಾಪಿನದು 450 ಕೆಜಿ, ಒಂದೇ ಹೋದರೆ 3,000. ರಬ್ಬರ್ ಘಟಕದ್ದು ಬರೀ 150 ಕೆಜಿ, ಆದರೆ ಡಬ್ಬಗಳು ಜಾಗ ತಿನ್ನುತ್ತವೆ, ಅದಕ್ಕೂ 3,000. ಬೇರೆ ಬೇರೆ ಹೋದರೆ ಒಟ್ಟು 10,500. ಮೂರೂ ಸೇರಿ ಒಂದು ಗಾಡಿ ಮಾಡಿದರೆ 6,000. ಇಬ್ಬಿಬ್ಬರೇ ಸೇರುವ ದಾರಿಯೂ ಇದೆ. ಪ್ರೆಸ್ ಮತ್ತು ಲೇಥ್ ಸೇರಿದರೆ 5,100. ಪ್ರೆಸ್ ಮತ್ತು ರಬ್ಬರ್ ಸೇರಿದರೆ 5,400. ಲೇಥ್ ಮತ್ತು ರಬ್ಬರ್ ಸೇರಿದರೆ 3,600.

6,000ವನ್ನು ಸಮನಾಗಿ ಹಂಚಿದರೆ ತಲೆಗೆ 2,000. ಮೇಲುನೋಟಕ್ಕೆ ಸರಿ ಅನಿಸುತ್ತದೆ, ಅಲ್ವಾ? ಆದರೆ ಲೇಥ್ ಮತ್ತು ರಬ್ಬರಿನವರು ಒಂದು ವಾರದೊಳಗೆ ಲೆಕ್ಕ ಹಾಕುತ್ತಾರೆ. ‘ನಾವಿಬ್ಬರು ಸೇರಿ 4,000 ಕೊಡ್ತಿದ್ದೀವಿ. ನಾವಿಬ್ಬರೇ ಹೋದರೆ 3,600 ಸಾಕಿತ್ತಲ್ಲ.’ ಅವರು ಹೊರಟರು. ಏರ್ಪಾಡು ಮುಗಿಯಿತು.

ಸರಿ, ತೂಕದ ಪ್ರಕಾರ ಹಂಚೋಣ. ಒಟ್ಟು 1,800 ಕೆಜಿ. ಪ್ರೆಸ್ ಶಾಪಿಗೆ 4,000, ಲೇಥಿಗೆ 1,500, ರಬ್ಬರಿಗೆ 500. ರಬ್ಬರಿನವರಿಗೆ ಹಬ್ಬ. ಉಳಿದ ಇಬ್ಬರು ಸೇರಿ 5,500 ಕೊಡುತ್ತಿದ್ದಾರೆ. ಅವರಿಬ್ಬರೇ ಹೋದರೆ 5,100. ಈ ಸಲ ಅವರು ಹೊರಟರು. ಗಾಡಿಯ ಅರ್ಧ ಜಾಗ ರಬ್ಬರ್ ಡಬ್ಬಗಳೇ ಹಿಡಿದಿದ್ದಾಗ ತೂಕ ಮಾತ್ರ ನೋಡಿದ್ದು ನ್ಯಾಯವೂ ಅಲ್ಲ.

ಹಂಚಿಕೆ ಹೇಗಿರಬೇಕು ಅನ್ನುವುದಕ್ಕೆ ಇಲ್ಲೇ ಒಂದು ಪರೀಕ್ಷೆ ಸಿಕ್ಕಿತು. ಯಾವ ಒಬ್ಬರಿಗೂ, ಯಾವ ಇಬ್ಬರಿಗೂ ‘ನಾವು ಬೇರೆ ಹೋದರೇ ಅಗ್ಗ’ ಅನಿಸಬಾರದು.

ಇದಕ್ಕೆ ಅರ್ಥಶಾಸ್ತ್ರದಲ್ಲಿ ಹೆಸರುವಾಸಿಯಾದ ಉತ್ತರ ಇದೆ. ಲಾಯ್ಡ್ ಶೇಪ್ಲಿ ಅನ್ನುವ ಗಣಿತಜ್ಞ 1953ರಲ್ಲಿ ಕೊಟ್ಟದ್ದು. ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಅದು ಬೇರೆ ಕೆಲಸಕ್ಕೆ. ಅವರ ವಿಧಾನ ಹೀಗೆ: ಮೂವರೂ ಒಬ್ಬೊಬ್ಬರಾಗಿ ಗಾಡಿಗೆ ಸೇರುತ್ತಾರೆ ಅಂದುಕೊಳ್ಳಿ. ಒಬ್ಬರು ಬಂದಾಗ ಖರ್ಚು ಎಷ್ಟು ಏರಿತು ಅಂತ ಬರೆದುಕೊಳ್ಳಿ. ಮೊದಲು ಪ್ರೆಸ್ ಬಂದರೆ 4,500. ಆಮೇಲೆ ಲೇಥ್ ಬಂದರೆ ಖರ್ಚು 5,100ಕ್ಕೆ ಏರುತ್ತದೆ, ಅಂದರೆ ಲೇಥಿನ ಪಾಲು 600. ಕೊನೆಗೆ ರಬ್ಬರ್ ಬಂದಾಗ 900. ಆದರೆ ಯಾರು ಮೊದಲು ಬಂದರು ಅನ್ನುವುದರ ಮೇಲೆ ಪಾಲು ಬದಲಾಗುತ್ತದೆ. ಹಾಗಾಗಿ ಸೇರಬಹುದಾದ ಆರೂ ಕ್ರಮಗಳಲ್ಲಿ ಹೀಗೇ ಬರೆದು ಸರಾಸರಿ ತೆಗೆಯಬೇಕು. ನಮ್ಮ ಉದಾಹರಣೆಯಲ್ಲಿ ಪ್ರೆಸ್ ಶಾಪಿಗೆ 3,050, ಲೇಥಿಗೆ 1,400, ರಬ್ಬರಿಗೆ 1,550 ಬರುತ್ತದೆ. ಕೂಡಿ ನೋಡಿ, ಸರಿಯಾಗಿ 6,000. ಯಾವ ಇಬ್ಬರಿಗೂ ಬೇರೆ ಹೋದರೆ ಲಾಭವಿಲ್ಲ. ಲೇಥಿಗಿಂತ ಹಗುರವಾದ ರಬ್ಬರ್ 150 ರೂಪಾಯಿ ಜಾಸ್ತಿ ಕೊಡುತ್ತಿದೆ. ಜಾಗ ತಿಂದದ್ದಕ್ಕೆ ಅದು ಸರಿಯೇ.

ನ್ಯಾಯ ಅಂತ ನೋಡಿದರೆ ಇದು ಚೆನ್ನಾಗಿದೆ. ಆದರೆ ಐದು ಫ್ಯಾಕ್ಟರಿ ಆದರೆ ಕ್ರಮಗಳು 120, ಆರಾದರೆ 720. ಕಂಪ್ಯೂಟರ್ ಮಾಡುತ್ತದೆ ನಿಜ. ಆದರೆ ಬಿಲ್ ನೋಡಿದ ಮಾಲೀಕರಿಗೆ ‘ಈ 1,550 ಎಲ್ಲಿಂದ ಬಂತು’ ಅಂತ ಎರಡು ಮಾತಿನಲ್ಲಿ ವಿವರಿಸಲು ಆಗದಿದ್ದರೆ ಅನುಮಾನ ಹುಟ್ಟುತ್ತದೆ. ಅನುಮಾನ ಹುಟ್ಟಿದ ಮೇಲೆ ಲೆಕ್ಕ ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ.

ಅದಕ್ಕೇ ನಾನು ಸುಲಭದ ನಿಯಮ ಒಂದನ್ನು ಇಷ್ಟಪಡುತ್ತೇನೆ. ಒಬ್ಬರೇ ಹೋಗಿದ್ದರೆ ಎಷ್ಟಾಗುತ್ತಿತ್ತೋ ಅದರಲ್ಲಿ ಎಲ್ಲರಿಗೂ ಒಂದೇ ಪ್ರಮಾಣದ ರಿಯಾಯಿತಿ. ನಮ್ಮ ಲೆಕ್ಕದಲ್ಲಿ 10,500 ಆಗಬೇಕಿದ್ದದ್ದು 6,000 ಆಯಿತು, ಅಂದರೆ ಎಲ್ಲರಿಗೂ ಸುಮಾರು ಶೇ 43 ಉಳಿತಾಯ. ಪ್ರೆಸ್ ಶಾಪು 2,570 ಆಸುಪಾಸು, ಉಳಿದಿಬ್ಬರು ತಲಾ 1,715 ಆಸುಪಾಸು ಕೊಡುತ್ತಾರೆ. ಮೇಲಿನ ಪರೀಕ್ಷೆಯಲ್ಲೂ ಇದು ಪಾಸು. ಎಲ್ಲ ಸಲವೂ ಪಾಸಾಗುತ್ತದೆ ಅಂತ ಹೇಳಲಾಗದು, ಅದಕ್ಕೇ ಹೊಸಬರು ಸೇರಿದಾಗಲೆಲ್ಲ ಇನ್ನೊಮ್ಮೆ ನೋಡಬೇಕು. ಇನ್ನೊಂದು ಎಚ್ಚರ: ‘ಒಬ್ಬರೇ ಹೋಗಿದ್ದರೆ ಎಷ್ಟು’ ಅನ್ನುವುದನ್ನು ಅವರವರ ಬಾಯಿಗೆ ಬಿಡಬಾರದು. ತೂಕ, ಜಾಗ, ದೂರ ಮೂರನ್ನೂ ನೋಡುವ ಒಂದು ರೇಟ್ ಪಟ್ಟಿ ಮಾಡಿ, ಎಲ್ಲರ ಸಹಿ ಹಾಕಿಸಿ, ಮೂರು ತಿಂಗಳಿಗೊಮ್ಮೆ ಡೀಸೆಲ್ ದರ ನೋಡಿ ತಿದ್ದಿಕೊಳ್ಳಬೇಕು.

ಕಾಗದಪತ್ರ

ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಆನ್‌ಲೈನಿನಲ್ಲಿ ತೆಗೆಯುವ ಜಿಎಸ್‌ಟಿ ಸಾಗಣೆ ಪತ್ರ) ಬೇಕು ಅನ್ನುವುದು ಎಲ್ಲರಿಗೂ ಗೊತ್ತು. 2018ರ ಏಪ್ರಿಲ್ 1ರಂದು ದೇಶದಲ್ಲಿ ಅಂತರರಾಜ್ಯ ಸಾಗಣೆಗೆ ಇದು ಬಂದಾಗ, ರಾಜ್ಯದೊಳಗಿನ ಸಾಗಣೆಗೂ ಅವತ್ತೇ ಶುರು ಮಾಡಿದ್ದು ಕರ್ನಾಟಕ. ಹೊಸೂರು ಪಕ್ಕದಲ್ಲೇ ಇದ್ದರೂ ಅದು ತಮಿಳುನಾಡು. ಹಾಗಾಗಿ ಜಾಬ್ ವರ್ಕ್‌ಗೆ, ಅಂದರೆ ನಮ್ಮ ಮಾಲಿನ ಮೇಲೆ ಒಂದಿಷ್ಟು ಕೆಲಸ ಬೇರೆಯವರಿಂದ ಮಾಡಿಸಲು, ಮಾಲು ಕಳಿಸುವಾಗ, ಬೆಲೆ ಎಷ್ಟೇ ಕಡಿಮೆ ಇದ್ದರೂ ಇ-ವೇ ಬಿಲ್ ಮಾಡಲೇಬೇಕು. ‘ಹತ್ತು ಸಾವಿರದ ಮಾಲು, ಏನಾಗುತ್ತೆ’ ಅಂತ ಸುಮ್ನೆ ಬಿಡುವ ಹಾಗಿಲ್ಲ.

ಒಂದೇ ಗಾಡಿಯಲ್ಲಿ ಹಲವರ ಮಾಲು ಹೋಗುವಾಗ ಪ್ರತಿಯೊಬ್ಬರದ್ದೂ ಬೇರೆ ಇ-ವೇ ಬಿಲ್, ಎಲ್ಲದರಲ್ಲೂ ಅದೇ ಗಾಡಿಯ ನಂಬರ್. ಅವನ್ನೆಲ್ಲ ಸೇರಿಸಿ ಟ್ರಾನ್ಸ್‌ಪೋರ್ಟಿನವರು ಒಂದು ಕ್ರೋಡೀಕೃತ ಇ-ವೇ ಬಿಲ್ ತೆಗೆಯಬಹುದು. ಡ್ರೈವರ್ ಕೈಯಲ್ಲಿ ಒಂದೇ ಹಾಳೆ ಇದ್ದರಾಯಿತು.

ಇಲ್ಲಿಯ ಅಪಾಯ ಗಮನಿಸಿ. ಒಬ್ಬರ ಕಾಗದ ತಪ್ಪಿದ್ದರೆ ಜಿಎಸ್‌ಟಿ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ಆ ಸರಕನ್ನೂ ಗಾಡಿಯನ್ನೂ ತಡೆದು ನಿಲ್ಲಿಸಬಹುದು. ತೆರಿಗೆ ಬೀಳುವ ಸರಕಾದರೆ, ಮಾಲೀಕರೇ ಮುಂದೆ ಬಂದು ಬಿಡಿಸಿಕೊಂಡರೂ ದಂಡ ತೆರಿಗೆಯ ಶೇ 200. ತಪ್ಪು ಒಬ್ಬರದು, ಗಾಡಿ ನಿಂತರೆ ಮೂವರ ಮಾಲೂ ನಿಂತಿತು, ಮೂವರ ಗಿರಾಕಿಗಳ ಲೈನೂ ನಿಂತಿತು. ಆದ್ದರಿಂದ ಇ-ವೇ ಬಿಲ್ ನಂಬರ್ ಆನ್‌ಲೈನ್ ಫಾರಂನಲ್ಲಿ ಬೀಳದ ಹೊರತು ಆ ಮಾಲನ್ನು ಗಾಡಿಗೆ ಏರಿಸಬಾರದು. ಎಷ್ಟೇ ಪರಿಚಯದವರಾದರೂ ಸರಿ. ಈ ನಿಯಮಕ್ಕೆ ವಿನಾಯಿತಿ ಕೊಟ್ಟ ದಿನವೇ ತೊಂದರೆ ಬರುವುದು.

ಇನ್ನೊಂದು, ಗಾಡಿ ಯಾರದ್ದು ಅನ್ನುವುದು. ಫ್ಯಾಕ್ಟರಿಯ ಸ್ವಂತ ಗಾಡಿಗೆ ಸ್ವಂತ ಸರಕಿನ ಲೆಕ್ಕದಲ್ಲಿ ವಿಮೆ ಮಾಡಿಸಿರುತ್ತಾರೆ. ಅದರಲ್ಲಿ ಪಕ್ಕದವರ ಮಾಲನ್ನು ಬಾಡಿಗೆಗೆ ಒಯ್ಯುವಾಗ ಅಪಘಾತವಾದರೆ ಕ್ಲೇಮ್ ತಕರಾರಿಗೆ ಬೀಳುತ್ತದೆ. ಒಬ್ಬರು ಬಾಡಿಗೆ ಕೊಟ್ಟು ಉಳಿದವರಿಂದ ವಸೂಲಿ ಮಾಡಿದರೆ ಜಿಎಸ್‌ಟಿ ಪ್ರಶ್ನೆಯೂ ಏಳುತ್ತದೆ. ನೆಟ್ಟಗಿನ ದಾರಿ ಅಂದರೆ ಒಬ್ಬ ಟ್ರಾನ್ಸ್‌ಪೋರ್ಟರ್ ಜೊತೆ ಒಪ್ಪಂದ ಮಾಡಿಕೊಂಡು, ಪ್ರತಿ ಫ್ಯಾಕ್ಟರಿಗೂ ಬೇರೆ ಎಲ್‌ಆರ್ (ಲಾರಿ ರಸೀದಿ), ಬೇರೆ ಬಿಲ್ ತೆಗೆದುಕೊಳ್ಳುವುದು. ಶುರು ಮಾಡುವ ಮೊದಲು ನಿಮ್ಮ ಆಡಿಟರನ್ನು ಒಂದು ಮಾತು ಕೇಳಿ.

ಗಿರಾಕಿಯ ಗುಟ್ಟು

ಬಹಳಷ್ಟು ಮಾಲೀಕರು ಬಾಯಿಬಿಟ್ಟು ಹೇಳದ ಅಂಜಿಕೆ ಇದು. ‘ನನ್ನ ಮಾಲು ಯಾರಿಗೆ ಹೋಗುತ್ತೆ, ತಿಂಗಳಿಗೆ ಎಷ್ಟು ಹೋಗುತ್ತೆ ಅಂತ ಪಕ್ಕದ ಶೆಡ್ಡಿನವನಿಗೆ ಗೊತ್ತಾದರೆ, ನಾಳೆ ಅವನೇ ಹೋಗಿ ಕಡಿಮೆ ರೇಟ್ ಕೊಟ್ಟು ಬರ್ತಾನೆ.’ ಇದನ್ನು ಸಣ್ಣತನ ಅಂತ ತಳ್ಳಿಹಾಕಬಾರದು. ಒಂದೆರಡು ಗಿರಾಕಿಗಳನ್ನೇ ನಂಬಿ ಸಾಲ ಮಾಡಿ ಮೆಷಿನ್ ಹಾಕಿದವರಿಗೆ ಅದು ಬದುಕಿನ ಪ್ರಶ್ನೆ.

ಆನ್‌ಲೈನ್ ವ್ಯವಸ್ಥೆಯ ನಿಜವಾದ ಉಪಯೋಗ ಇಲ್ಲಿದೆ ಅಂತ ನನಗನಿಸುತ್ತದೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಎಲ್ಲರಿಗೂ ಎಲ್ಲ ಕಾಣುತ್ತದೆ. ಸರಿಯಾಗಿ ಮಾಡಿದ ಫಾರಂನಲ್ಲಿ ಹಾಗಲ್ಲ. ನಿಮ್ಮ ಗಾಡಿಯಲ್ಲಿ ಇನ್ನೂ ಎರಡು ಘಟಕಗಳ ಮಾಲಿದೆ, ಇಷ್ಟು ಹೊತ್ತಿಗೆ ನಿಮ್ಮ ಗೇಟಿಗೆ ಬರುತ್ತದೆ, ನಿಮ್ಮ ಪಾಲು ಇಷ್ಟು ಅಂತ ಮಾತ್ರ ಕಂಡರೆ ಸಾಕು. ಗಿರಾಕಿಯ ಹೆಸರು, ಮಾಲಿನ ಬೆಲೆ ಜೋಡಣೆ ಮಾಡುವ ಒಬ್ಬರಿಗೆ ಮತ್ತು ಟ್ರಾನ್ಸ್‌ಪೋರ್ಟರಿಗೆ ಮಾತ್ರ. ಆ ಒಬ್ಬರು ಯಾವ ಫ್ಯಾಕ್ಟರಿಯ ಮಾಲೀಕರೂ ಆಗಿರಬಾರದು. ಕೈಗಾರಿಕಾ ಸಂಘದ ಕಚೇರಿಯಲ್ಲಿ ಸಂಬಳಕ್ಕಿರುವ ಒಬ್ಬ ನೌಕರ ಆದರೆ ಒಳ್ಳೆಯದು. ಕ್ರೇಟ್ ಮೇಲೆ ಗಿರಾಕಿಯ ಹೆಸರಿನ ಬದಲು ಒಂದು ಕೋಡ್ ಅಂಟಿಸಿದರೆ ಲೋಡ್ ಮಾಡುವವರಿಗೂ ತಿಳಿಯುವುದಿಲ್ಲ.

ಪೈಪೋಟಿ ಇದ್ದವರು ಒಟ್ಟಿಗೆ ಸಾಗಿಸುವುದೇ ಅಸಾಧ್ಯ ಅನ್ನುವವರಿಗೆ ಜಪಾನಿನ ಉದಾಹರಣೆ ಇದೆ. ಅಲ್ಲಿನ ನಾಲ್ಕು ದೊಡ್ಡ ಬಿಯರ್ ಕಂಪನಿಗಳಾದ ಅಸಾಹಿ, ಕಿರಿನ್, ಸಪ್ಪೊರೊ, ಸಂಟೋರಿ ಅಂಗಡಿಯ ಕಪಾಟಿನಲ್ಲಿ ಜಿದ್ದಾಜಿದ್ದಿ ಮಾಡುತ್ತವೆ. ಆದರೆ 2017ರಿಂದ ಉತ್ತರದ ಹೊಕ್ಕೈಡೊ ದ್ವೀಪದ ಪೂರ್ವ ಭಾಗಕ್ಕೆ ಒಟ್ಟಾಗಿ ಮಾಲು ಸಾಗಿಸುತ್ತಿವೆ. ದೂರದ ಊರು, ಕಡಿಮೆ ಮಾಲು, ಡ್ರೈವರ್‌ಗಳ ಕೊರತೆ. ಒಬ್ಬೊಬ್ಬರೇ ಹೋದರೆ ಯಾರಿಗೂ ಗಿಟ್ಟುತ್ತಿರಲಿಲ್ಲ.

ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ

ಎಲ್ಲ ದಾರಿಗೂ ಇದು ಬೇಕಿಲ್ಲ. ದೆಹಲಿಗೋ ಅಹಮದಾಬಾದಿಗೋ ಎರಡು ಡಬ್ಬ ಕಳಿಸಬೇಕಾದರೆ ಪಾರ್ಸೆಲ್ ಸರ್ವಿಸ್‌ಗಳಿವೆ. 1976ರಲ್ಲಿ ಒಂದೇ ಲಾರಿಯಿಂದ ಶುರುವಾದ ವಿಆರ್‌ಎಲ್‌ನಂಥ ಕಂಪನಿಗಳ ಕೆಲಸವೇ ಹಲವರ ಮಾಲು ಕೂಡಿಸಿ ಒಯ್ಯುವುದು. ಅದನ್ನು ನಾವು ಹೊಸದಾಗಿ ಕಟ್ಟಬೇಕಿಲ್ಲ. ಜಂಟಿ ಗಾಡಿ ಗಿಟ್ಟುವುದು ದಿನವೂ ಹೋಗುವ, ಅವತ್ತೇ ಮುಟ್ಟಬೇಕಾದ, ಐವತ್ತರಿಂದ ನೂರೈವತ್ತು ಕಿ.ಮೀ. ದಾರಿಗಳಲ್ಲಿ.

ಅದಕ್ಕಿಂತ ಹತ್ತಿರದ ಇನ್ನೊಂದು ದಾರಿ ಕೈಗಾರಿಕಾ ಪ್ರದೇಶದ ಒಳಗೇ ಇದೆ. ಒಂದು ಶಾಫ್ಟ್ ಲೇಥಿನಲ್ಲಿ ತಯಾರಾಗಿ ಹೀಟ್ ಟ್ರೀಟ್‌ಮೆಂಟ್‌ಗೆ, ಅಲ್ಲಿಂದ ಗ್ರೈಂಡಿಂಗ್‌ಗೆ, ಆಮೇಲೆ ಪ್ಲೇಟಿಂಗ್‌ಗೆ, ವಾಪಸ್ ಫ್ಯಾಕ್ಟರಿಗೆ ಅಂತ ನಾಲ್ಕು ಸಲ ಲಗೇಜ್ ಆಟೋ ಹತ್ತುತ್ತದೆ. ಒಂದೊಂದು ಸಲವೂ ಒಂದೆರಡು ಕಿ.ಮೀ. ಅಷ್ಟೇ, ಆದರೆ ಪ್ರತಿ ಸಲವೂ ಬೇರೆ ಆಟೋ. ಇಲ್ಲಿ ಬೆಳಗ್ಗೆ ಒಂದು, ಸಂಜೆ ಒಂದು ಅಂತ ಎರಡು ಗಾಡಿಗಳು ಗೊತ್ತಾದ ಸುತ್ತು ಹಾಕಿದರೆ, ಹತ್ತಾರು ಆಟೋ ಟ್ರಿಪ್ ತಪ್ಪುತ್ತವೆ. ಒಯ್ಯುವ ಕಡೆಯೇ ತರುವುದೂ ಇರುತ್ತದೆ, ವಾಪಸ್ ಖಾಲಿ ಬರುವ ಮಾತಿಲ್ಲ. ಗಿರಾಕಿಯ ಗುಟ್ಟಿನ ಭಯವೂ ಇಲ್ಲಿ ಕಡಿಮೆ, ಯಾಕೆಂದರೆ ಪ್ಲೇಟಿಂಗ್ ಯಾರ ಹತ್ತಿರ ಮಾಡಿಸುತ್ತೀರಿ ಅನ್ನುವುದು ಇಡೀ ರಸ್ತೆಗೆ ಗೊತ್ತಿರುತ್ತದೆ. ಎಲ್ಲಿಂದ ಶುರು ಮಾಡೋಣ ಅಂತ ಯಾರಾದರೂ ಕೇಳಿದರೆ ಇಲ್ಲಿಂದಲೇ ಅನ್ನುತ್ತೇನೆ. ಹೊಸೂರಿನ ಗಾಡಿ ಆಮೇಲೆ.

ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಫೌಂಡ್ರಿಗಳದು ಬೇರೆಯದೇ ಕಥೆ. ಎರಕದ ಮಾಲು ಎಷ್ಟು ಭಾರ ಅಂದರೆ ಲಾರಿಯ ತೂಕದ ಮಿತಿ ಮುಗಿದಾಗಲೂ ಮೇಲೆ ಅರ್ಧಕ್ಕಿಂತ ಜಾಸ್ತಿ ಜಾಗ ಉಳಿದಿರುತ್ತದೆ. ಫೌಂಡ್ರಿಯವರು ಫೌಂಡ್ರಿಯವರ ಜೊತೆಗೇ ಸೇರಿದರೆ ಹೆಚ್ಚು ಉಪಯೋಗವಿಲ್ಲ. ತೂಕದಲ್ಲಿ ಒಂದಿಷ್ಟು ಬಿಟ್ಟುಕೊಟ್ಟು, ಪ್ಲಾಸ್ಟಿಕ್ಕು, ಪ್ಯಾಕಿಂಗ್ ಸಾಮಾನಿನಂಥ ಹಗುರ ಮಾಲಿನವರನ್ನು ಜೊತೆಗೆ ಹಾಕಿಕೊಂಡರೆ ಲಾಭ. ಅಂದರೆ ಜೊತೆಗಾರರನ್ನು ನಮ್ಮ ಸಂಘದ ಆಚೆ, ಬೇರೆ ಉದ್ಯಮದಲ್ಲಿ ಹುಡುಕಬೇಕಾಗುತ್ತದೆ. ಫೋನಿನಲ್ಲಿ ಪರಿಚಯಸ್ಥರನ್ನು ಕೇಳಿ ಮಾಡುವ ಏರ್ಪಾಡು ಅಲ್ಲಿಗೆ ಮುಟ್ಟುವುದಿಲ್ಲ, ಆನ್‌ಲೈನ್ ಪಟ್ಟಿ ಮುಟ್ಟುತ್ತದೆ.

ಶುರು ಮಾಡಿದ ಮೇಲೆ ನೋಡಬೇಕಾದ ಅಂಕಿಗಳು ಎರಡೇ. ಗಾಡಿ ಹೋಗುವಾಗ ಮತ್ತು ಬರುವಾಗ ಎಷ್ಟು ತುಂಬಿತ್ತು, ಮಾಲು ಹೇಳಿದ ಹೊತ್ತಿಗೆ ಮುಟ್ಟಿತಾ. ಮೊದಲನೆಯದು ಏರುತ್ತಾ ಎರಡನೆಯದು ಇಳಿಯುತ್ತಿದ್ದರೆ ಒಂದು ಗೇಟು ಜಾಸ್ತಿಯಾಗಿದೆ ಅಂತ ಅರ್ಥ. ಆ ಫ್ಯಾಕ್ಟರಿಯನ್ನು ಬೇರೆ ಗಾಡಿಗೆ ಹಾಕಿ, ಸ್ವಲ್ಪ ಜಾಗ ಖಾಲಿ ಹೋದರೂ ಚಿಂತೆಯಿಲ್ಲ. ಲೈನ್ ನಿಂತ ಒಂದು ದಿನದ ದಂಡ ತಿಂಗಳಿಡೀ ಉಳಿಸಿದ ಬಾಡಿಗೆಯನ್ನು ನುಂಗಬಲ್ಲದು.